ಹಡಗಿನಿಂದ ಇಳಿದವರು

ಕೈಚೀಲ ಓದುವ ಕೋಣೆಯೊಳಗೆ ಒಯ್ಯುವಂತಿರಲಿಲ್ಲ. ಪೆನ್ನೂ ಕೂಡದು, ನೀರಿನ ಬಾಟಲಿಯೂ ಕೂಡದು. ಜಲಜಮ್ಮ ಎಲ್ಲವನ್ನೂ ಹೊರಗಿನ ಲಾಕರ್‌ನಲ್ಲಿಟ್ಟರು. ಚೀಲದ ಒಳಜೇಬಿನಲ್ಲಿದ್ದ ಅಪ್ಪಯ್ಯನ ಫೋಟೋವನ್ನು ಒಮ್ಮೆ ಮುಟ್ಟಿ ನೋಡಿ, ಅದನ್ನೂ ಅಲ್ಲೇ ಬಿಟ್ಟರು. ಒಯ್ಯಬಹುದೇ ಎಂದು ಕೇಳಬಹುದಿತ್ತು, ಕೇಳಲಿಲ್ಲ.

"ಅಮ್ಮಮ್ಮ, ಕಮ್. ಫೈಲ್ ರೆಡಿ ಇದೆಯಂತೆ," ಎಂದಳು ಮೊಮ್ಮಗಳು ಪ್ರಣತಿ. ಇದೇ ಊರಿನ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿಗೆ ರಜೆ ಹಾಕಿ ಬಂದಿದ್ದಳು. ಮುತ್ತಜ್ಜನ ಫೈಲಿಗಾಗಿ ಸಿಡ್ನಿಯ ಈ ದಾಖಲೆ ಕಚೇರಿಗೆ ನಾಲ್ಕು ತಿಂಗಳು ಇಮೇಲ್ ಬರೆದವಳೂ ಅವಳೇ. ಉತ್ತರ ಬಂದ ದಿನ ಮೆಲ್ಬರ್ನಿನಲ್ಲಿ, ಕ್ಲೇಟನ್‌ನ ಮಗಳ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಜಲಜಮ್ಮ, "ನಾನೇ ಹೋಯ್ಕ್," ಎಂದು ಹೊರಡಲು ಎದ್ದುಬಿಟ್ಟಿದ್ದರು.

ಅಪ್ಪಯ್ಯ ಗೋಪಾಲ ಹಡಗಿನ ಅಡುಗೆಯವರು. ಸಾವಿರದ ಒಂಬೈನೂರ ನಲವತ್ತೈದರಲ್ಲಿ ಸಿಡ್ನಿಯಲ್ಲಿ ಹಡಗಿನಿಂದ ಇಳಿದವರು ಬರಿಗೈಯಲ್ಲಿ ತಮ್ಮೂರು ಗಂಗೊಳ್ಳಿಗೆ ಬಂದರು, ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಕೆಲಸಕ್ಕೆ ಹೆದರಿ ಓಡಿ ಬಂದವ ಎಂದು ಊರು ನಕ್ಕಿತು. ಒಂದೆರಡು ಸಲ ಕಾರಣ ಹೇಳಲು ಹೋಗಿ, ಯಾರೂ ನಂಬದಾಗ ಅದನ್ನು ಬಿಟ್ಟು ಅವರು ದೋಣಿ ಕಡವಿನ ಬಳಿ ಚಾ ಅಂಗಡಿ ಇಟ್ಟರು.

ಎಂಟು ವರ್ಷದ ಜಲಜ ಒಂದು ದಿನ ಅವರಿಗೆ ಹೇಳಿದ್ದಳು: "ನೀವ್ ಶಾಲಿ ಹತ್ರ ಬರ್ಬೇಡಿ. ಓಡಿ ಬಂದವ್ರ ಮಗಳ್ ಅಂತ್ರ್ ಎಲ್ಲರೂ." ಅಂದಿನಿಂದ ಅಪ್ಪಯ್ಯ ಬುತ್ತಿಯನ್ನು ಶಾಲೆಯ ದಾರಿಯ ತಿರುವಿನ ಮೋರಿಕಟ್ಟೆಯ ಮೇಲಿಟ್ಟು, ಅವಳು ಬಂದು ತೆಗೆದುಕೊಳ್ಳುವವರೆಗೆ ದೂರದಲ್ಲಿ ಕಾಗೆ ಓಡಿಸುತ್ತ ನಿಲ್ಲುತ್ತಿದ್ದರು.

ಕಚೇರಿಯ ಹೆಲೆನ್ ಎಂಬ ಬಿಳಿಗೂದಲಿನ ಹೆಂಗಸು ಫೈಲು ತಂದಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಟ್ಟಳು. ಪ್ರಣತಿ ಮೊದಲ ಹಾಳೆ ನೋಡಿ, ಓದದೆ ಮಗುಚಲು ಹೋದಳು.

"ಕೆಟ್ಟದಿದ್ರೂ ಓದ್, ಹೆಣ್ಣೆ."

"ಗೋಪಾಲ, ಗಂಗೊಳ್ಳಿ, ಅಡುಗೆಯವನು. ಹಡಗು ಬಿಟ್ಟು ಓಡಿದವನು ಅಂತ ಸ್ಟ್ಯಾಂಪ್ ಇದೆ, ಅಮ್ಮಮ್ಮ."

ಜಲಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ವೇಟ್, ಇನ್ನೊಂದು ಪೇಜ್ ಇದೆ. ಯಾಕೆ ಇಳಿದೆ ಅಂತ ಕ್ಯಾಪ್ಟನ್ ಕೇಳಿದ್ದಕ್ಕೆ ನಿಮ್ಮಪ್ಪ ಹೇಳಿದ್ದು." ಪ್ರಣತಿ ತಡೆತಡೆದು ಕನ್ನಡಕ್ಕೆ ತಂದಳು. "'ಈ ಡಚ್ ಹಡಗಲ್ಲಿ ಇಂಡೋನೇಷ್ಯಾದವರ ಮೇಲೆ ಹಾರಿಸೋ ಗುಂಡು ಇದೆ. ಅವರೂ ನಮ್ಮ ಹಾಗೇ ಸ್ವಾತಂತ್ರ್ಯ ಕೇಳ್ತಿರೋರು. ಇದರಲ್ಲಿ ನಾನು ಅನ್ನ ಬೇಯಿಸಲ್ಲ.' ಮೂರು ಸಲ ಕೇಳಿದಾರೆ. ಮೂರು ಸಲಾನೂ ಸೇಮ್ ಆನ್ಸರ್. ಇವನನ್ನ ಇನ್ಯಾವ ಹಡಗಿಗೂ ತಗೋಬೇಡಿ ಅಂತ ಬರೆದಿದಾರೆ."

ಕೆಳಗೆ ಅಪ್ಪಯ್ಯನ ಹೆಬ್ಬೆಟ್ಟಿನ ಗುರುತಿತ್ತು.

"ಇನ್ನೊಂದ್ಸಲ ಓದ್," ಎಂದರು ಜಲಜಮ್ಮ. ಪ್ರಣತಿ ಓದಿದಳು. "ಅಡುಗೆಯವರು ಸ್ಟ್ರೈಕ್ ಮಾಡಿದ್ರೆ ಕ್ಯಾಪ್ಟನ್ ಪಾಪ, ಬ್ರೆಡ್ಡೇ ಗತಿ," ಎಂದು ನಗಲು ನೋಡಿದಳು.

ಜಲಜಮ್ಮ ಬಹಳ ಹೊತ್ತು ಆ ಹೆಬ್ಬೆಟ್ಟನ್ನೇ ನೋಡಿದರು. ಆಮೇಲೆ ಎದ್ದು ಹೆಲೆನ್ ಕುಳಿತಿದ್ದ ಮೇಜಿಗೆ ಹೋದರು.

"ಹೊರಗೆ ಲಾಕರ್‌ನಲ್ಲಿ, ಚೀಲದ ಒಳಜೇಬಿನಲ್ಲಿ ನನ್ನ ತಂದೆ ಇದ್ದಾರೆ," ಎಂದರು ತಮ್ಮ ಕಾಲೇಜಿನ ದಿನಗಳ, ತುಕ್ಕು ಹಿಡಿದ ಇಂಗ್ಲಿಷಿನಲ್ಲಿ. "ಫೋಟೋ. ಅವರು ಒಳಗೆ ಬರಬಹುದೇ?"

ಹೆಲೆನ್ ಅವರ ಮುಖ ನೋಡಿದಳು. ಬೀಗದ ಕೈ ಇಸಿದುಕೊಂಡು ತಾನೇ ಹೋದಳು. ಬರುವಾಗ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಳೆಯ ಪುಸ್ತಕಗಳಿಗೆ ಒರಗು ಕೊಡುವ ಮೆತ್ತನೆಯ ದಿಂಬೊಂದನ್ನು ಮೇಜಿನ ಮೇಲಿಟ್ಟು, ಫೋಟೋವನ್ನು ಅದಕ್ಕೆ ಆನಿಸಿ ನಿಲ್ಲಿಸಿದಳು.

ಜಲಜಮ್ಮ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಬೆಳಕು ಫೋಟೋದ ಮೇಲೆ ಬೀಳುವಂತೆ ಮಾಡಿದರು.