ಬ್ರೇಕಿಲ್ಲದ ಸೈಕಲ್ಲು

ನಮ್ಮಕ್ಕ ಶಿವಕಾಂತಮ್ಮ ಹಟ ಹಿಡಿದರೆ ಕಮಲಾಪುರದ ಇಡೀ ಸಂತೆ ಬಂದು ಹೇಳಿದರೂ ಕೇಳುವವಳಲ್ಲ. ಹೋದ ವರ್ಷ ಮಗಳು ಪಂಚಶೀಲಾ ಟ್ರ್ಯಾಕ್ ಸೈಕ್ಲಿಂಗ್ ಕೂಟದಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗಿನಿಂದ ಅವಳದ್ದು ಒಂದೇ ರಾಗ: "ಬ್ರೇಕ್ ಇಲ್ಲದ ಸೈಕಲ್ ಯಾವ ಮಾರಾಯ ಮಾಡ್ಯಾನ?"

ಮೂಳೆ ಕೂಡಿತು. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆಯಲ್ಲಿದ್ದು ಓದುವ ಪಂಚಶೀಲಾ ಮತ್ತೆ ಮೈದಾನಕ್ಕಿಳಿದಳು. ಸೋಮವಾರ ರಾಜ್ಯ ತಂಡದ ಆಯ್ಕೆ ಇತ್ತು. ಅವ್ವನ ಒಪ್ಪಿಗೆ ಕೇಳಲು ಅವಳು ಸೈಕಲ್ಲನ್ನು ಬಸ್ಸಿಗೇರಿಸಿ ಕಮಲಾಪುರಕ್ಕೆ ಹೊರಟಳು. ಜಗಳ ಬಿಡಿಸಲು ನಾನೂ ಹೊರಟೆ.

ಅಕ್ಕ ಜಗಳವನ್ನೇ ಆಡಲಿಲ್ಲ. "ಹೋಗವಾ" ಎಂದು ಹೋಳಿಗೆ ಬಡಿಸಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾವು ಉಂಡು ಮಲಗಿದ್ದಾಗ ಸೈಕಲ್ಲನ್ನು ಗುಫ್ರಾನನ ರಿಪೇರಿ ಅಂಗಡಿಗೆ ಒಯ್ದು ಎರಡೂ ಬ್ರೇಕ್ ಹಾಕಿಸಿದ್ದಳು. ಜೊತೆಗೆ ಗಂಟೆ, ಸ್ಟ್ಯಾಂಡು, ಕ್ಯಾರಿಯರ್ರು. ಬಾಳೆಗೊನೆ ಹೇರುವುದೊಂದು ಬಾಕಿ.

ಪಂಚಶೀಲಾ ಅತ್ತೇಬಿಟ್ಟಳು. "ಬ್ರೇಕ್ ಇದ್ರ ಟ್ರ್ಯಾಕಿಗಿ ಬಿಡಂಗಿಲ್ಲವ್ವಾ. ಮುಂದಿನಾಕಿ ಬ್ರೇಕ್ ಹಿಡದ್ರ ಹಿಂದಿನವ್ರೆಲ್ಲ ಅಕಿ ಮ್ಯಾಲ ಬೀಳ್ತಾರ."

"ಹಂಗಾರ ನಿಂದ್ರೋದು ಹ್ಯಾಂಗ?"

ಹುಡುಗಿ ಕಣ್ಣೊರೆಸಿಕೊಂಡು ಹಿಂದಿನ ಗಾಲಿ ಎತ್ತಿ ಹಿಡಿದಳು. ಅವ್ವನ ಕೈಯಿಂದಲೇ ಪೆಡಲ್ ತಿರುಗಿಸಿದಳು. "ಈಗ ಪೆಡಲ್ ತಡಿ." ಅಕ್ಕ ತಡೆದಳು. ಗಾಲಿ ನಿಂತಿತು. ಈ ಸೈಕಲ್ಲಿನಲ್ಲಿ ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ.

"ನನ್ನ ಕಾಲೇ ಬ್ರೇಕ್ ಅವ್ವಾ."

ಅಕ್ಕ ಮತ್ತೆ ಮತ್ತೆ ತಿರುಗಿಸಿ, ತಡೆದು ನೋಡಿದಳು. ಆಮೇಲೆ ಮಗಳ ಗಟ್ಟಿ ಮೀನಖಂಡಗಳನ್ನು ನೋಡಿದಳು. ತಾನೇ ಸೈಕಲ್ ತಳ್ಳಿಕೊಂಡು ಹೋಗಿ ಎಲ್ಲ ಬಿಚ್ಚಿಸಿಕೊಂಡು ಬಂದಳು. ನನ್ನ ಜೀವಮಾನದಲ್ಲಿ ಅಕ್ಕ ಸೋತದ್ದು ಅದೇ ಮೊದಲು.

ಸಂಜೆ ಊರ ಹೊರಗಿನ ಖಾಲಿ ರಸ್ತೆಗೆ ಹೋದೆವು. ಪಂದ್ಯ ಶುರುವಾಗುವಾಗ ಸವಾರಳ ಕಾಲು ಪೆಡಲಿಗೆ ಬಿಗಿದಿರುತ್ತದೆ. ಹಿಂದೆ ಒಬ್ಬರು ಸೀಟು ಹಿಡಿದು ನಿಲ್ಲಿಸಿ, ಸೀಟಿ ಊದಿದೊಡನೆ ಬಿಡಬೇಕು. ಆ ಕೆಲಸಕ್ಕೆ ಮಗಳು ಅವ್ವನನ್ನೇ ಕರೆದಳು. ಸೀಟಿಯ ಬದಲು ನಾನು ಚಪ್ಪಾಳೆ ತಟ್ಟಿದೆ. ಅಕ್ಕ ಬಿಡಲೇ ಇಲ್ಲ, ಹುಡುಗಿ ಮುಗ್ಗರಿಸಿದಳು. ಮತ್ತೆ ತಟ್ಟಿದೆ. ಈ ಸಲ ಅಕ್ಕ ಸೀಟು ಹಿಡಿದುಕೊಂಡೇ ಸೀರೆ ಎತ್ತಿಕೊಂಡು ಓಡಿದಳು. ನಕ್ಕು ನಕ್ಕು ನನ್ನ ಹೊಟ್ಟೆ ನೋವಾಯಿತು.

ಮತ್ತೊಮ್ಮೆ ತಟ್ಟಿದಾಗ ಬಿಟ್ಟಳು. ಪಂಚಶೀಲಾ ಸರ್ರನೆ ಹೋದಳು. ಅಕ್ಕನ ಕೈ ಹಾಗೇ ಗಾಳಿಯಲ್ಲಿತ್ತು, ಕಣ್ಣು ತುಂಬಿತ್ತು. ನನ್ನ ನಗೆಯೂ ನಿಂತಿತು.

ಮಗಳು ಸುತ್ತು ಹಾಕಿ ಬಂದಾಗ ಅಕ್ಕ ಕೇಳಿದಳು: "ಸೋಮವಾರ ಅಲ್ಲಿ ಯಾರು ಹಿಡೀತಾರ ನಿನಗ?"

"ಕೋಚ್ ಸರ್."

"ಅವ್ರಿಗಿ ಹೇಳು," ಎಂದಳು ಅಕ್ಕ, "ಭಾಳ ಗಟ್ಟಿ ಹಿಡೀಬ್ಯಾಡ್ರಿ ಅಂತ. ನಮ್ಮ ಹುಡುಗಿ ಹೋಗ್ತಾಳ."