ರಾಯರ ಅಳತೆಯ ಕುರ್ಚಿ

"ನೆಟ್ಟಗ ಕುಂದ್ರು ಶಿವಬಸವ್ವ, ಹಾಳಾದಾಕಿ. ಇವತ್ತ ನಿನ್ನ ಮುಕಳಿ ಮ್ಯಾಲ ನಮ್ಮ ಫ್ಯಾಕ್ಟರಿ ಮಾನ ಕುಂತದ."

ಹೀಗೆಂದವರು ನಮ್ಮ ಮಾಲೀಕರು, ವಿಕ್ರಮ ಸಾಹೇಬರು. ನಾನು ಆಗ ಅಳತೆಯ ಚೀಲದ ಮೇಲೆ ಕೂತಿದ್ದೆ. ಪುಣೆ ಹತ್ತಿರದ ಭೋಸರಿಯ ಈ ಶೆಡ್ಡಿನಲ್ಲಿ ಗಾಲಿಕುರ್ಚಿಗಳಿಗೆ ಗಿರಾಕಿಯ ಮೈಗೆ ತಕ್ಕ ಆಸನ ಮತ್ತು ಬೆನ್ನಾಸರೆ ತಯಾರಾಗುತ್ತವೆ. ಚೀಲದ ತುಂಬ ಥರ್ಮಾಕೋಲಿನ ಕಾಳು. ಕೂತವರ ಮೈ ಎಲ್ಲೆಲ್ಲಿ ಒತ್ತುತ್ತದೋ ಅಲ್ಲಲ್ಲಿ ಗುಳಿ ಬೀಳುತ್ತದೆ. ಪಂಪು ಹಚ್ಚಿ ಗಾಳಿ ಎಳೆದರೆ ಗುಳಿ ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ಆ ಅಚ್ಚು ನೋಡಿಕೊಂಡು ಕಾಶಪ್ಪ ಫೋಮ್ ಕೆತ್ತುತ್ತಾನೆ. ಪಟ್ಟಿ ಸರಿಯಾಗಿ ಬಿಗಿಯುತ್ತದೆಯೋ, ತಿರುಪು ತಿರುಗಿಸಿದರೆ ಬೆನ್ನಾಸರೆ ಮುಂದೆ ಹಿಂದೆ ಸರಿಯುತ್ತದೆಯೋ ನೋಡಲು ಪ್ರತಿ ಕುರ್ಚಿಯಲ್ಲೂ ನನ್ನನ್ನು ಕೂಡಿಸುತ್ತಾರೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಟ್ರಯಲ್' ಎಂದು ಬರೆದಿದ್ದಾರೆ. ಕೂಡುವುದೇ ನನ್ನ ನೌಕರಿ.

ಯಾದಗಿರಿ ಕಡೆಯವಳು ನಾನು. ಆರು ವರ್ಷದ ಹಿಂದೆ ವಿಮಾನ ನಗರದ ಒಂದು ಅಪಾರ್ಟ್‌ಮೆಂಟು ಏಳುತ್ತಿದ್ದಾಗ ಅದರ ಮೂರನೇ ಮಹಡಿಯಿಂದ ಇಟ್ಟಿಗೆಯ ಬುಟ್ಟಿ ಸಮೇತ ಬಿದ್ದೆ. ಕೆಳಗೆ ಮರಳಿನ ಗುಪ್ಪೆ ಇತ್ತು. ಇಟ್ಟಿಗೆ ಒಂದೂ ಒಡೆಯಲಿಲ್ಲ ಎಂದು ಮೇಸ್ತ್ರಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾನಂತೆ. ನನ್ನ ಬೆನ್ನುಹುರಿಯ ಸುದ್ದಿಯನ್ನು ಅವನು ಹೇಳುವುದಿಲ್ಲ. ಸೊಂಟದಿಂದ ಕೆಳಗೆ ನನಗೆ ಏನೂ ಗೊತ್ತಾಗುವುದಿಲ್ಲ, ಮೈ ಎಡಕ್ಕೆ ವಾಲುತ್ತದೆ. ನನಗಿರುವುದು ಆಸ್ಪತ್ರೆಯವರು ಕೊಟ್ಟ ಹಳೆಯ ರೆಕ್ಸಿನ್ ಕುರ್ಚಿ. ಅದರಲ್ಲಿ ಬೀಳದೆ ಕೂಡಬೇಕೆಂದರೆ ಎಡಗೈಯಿಂದ ಹಿಡಿಕೆಯನ್ನು ಒತ್ತಿ ಹಿಡಿದೇ ಇರಬೇಕು. ರೊಟ್ಟಿ ಮುರಿಯುವುದು, ಸೆರಗು ಸರಿ ಮಾಡುವುದು, ಸೊಳ್ಳೆ ಹೊಡೆಯುವುದು, ಎಲ್ಲಾ ಒಂದೇ ಕೈಯಲ್ಲಿ. ಒಂದು ಕೈಯಲ್ಲಿ ಸೊಳ್ಳೆ ಹೊಡೆಯಲು ಹೋದವರಿಗೇ ಅದರ ಕಷ್ಟ ಗೊತ್ತು.

ಸೊಳ್ಳೆಯ ಮಾತಿರಲಿ, ಹೋದ ತಿಂಗಳು ಸೀರೆಯ ಹಿಂದೆ ರಕ್ತ ಕಂಡಿತು. ಕೂತಲ್ಲೇ ಹುಣ್ಣಾಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರು ಬೈದು, ಮೈಗೆ ಹೊಂದುವ ಆಸನದಲ್ಲಿ ಕೂಡದಿದ್ದರೆ ಹುಣ್ಣು ಎಲುಬಿಗೆ ಇಳಿಯುತ್ತದೆ, ಆಮೇಲೆ ಮೂರು ತಿಂಗಳು ಬೋರಲು ಮಲಗಬೇಕು ಎಂದರು. ಬೋರಲು ಮಲಗಿದವಳಿಗೆ ಕೂಡುವ ನೌಕರಿಯನ್ನು ಯಾರು ಕೊಡುತ್ತಾರೆ? ಸಾಹೇಬರಿಗೆ ಹೇಳಿದೆ. ಮುಂದಿನ ವರ್ಷ ನೋಡೋಣ ಎಂದರು.

ಹಾಗಂತ ನನಗೆ ಕುರ್ಚಿ ಕೊಟ್ಟೇ ಇಲ್ಲವೆಂದಲ್ಲ. ಇಲ್ಲಿಯವರೆಗೆ ನಾಲ್ಕು ಸಲ ದಾನ ಕೊಟ್ಟಿದ್ದಾರೆ. ಒಮ್ಮೆ ಬ್ಯಾಂಕಿನವರು, ಒಮ್ಮೆ ಯಾವುದೋ ಕ್ಲಬ್ಬಿನ ಹೆಣ್ಣುಮಕ್ಕಳು, ಎರಡು ಸಲ ಆಗಸ್ಟ್ ಹದಿನೈದಕ್ಕೆ. ರಿಬ್ಬನ್ ಕಟ್ಟಿದ ಹೊಸ ಕುರ್ಚಿಯಲ್ಲಿ ನನ್ನನ್ನು ಕೂಡಿಸಿ, ಕೈಗೆ ಗುಲಾಬಿ ಕೊಟ್ಟು, ಫೋಟೊ ತೆಗೆಯುತ್ತಾರೆ. ಫೋಟೊ ಆದಮೇಲೆ ನನ್ನನ್ನು ಇಳಿಸಿ ಕುರ್ಚಿಯನ್ನು ಪ್ಯಾಕಿಂಗಿಗೆ ಕಳಿಸುತ್ತಾರೆ. ಗುಲಾಬಿಯನ್ನು ಮಾತ್ರ ಇಟ್ಟುಕೊಳ್ಳಬಹುದು. ಮೈಕಿನಲ್ಲಿ ಸಾಹೇಬರು ನನ್ನನ್ನು 'ದಿವ್ಯಾಂಗ ಭಗಿನಿ' ಎನ್ನುತ್ತಾರೆ. ಮೈಕು ಆರಿಸಿದ ಮೇಲೆ 'ಏ ಕುಂಟಿ'.

ಈ ಸಲದ ಗಿರಾಕಿ ಕೃಷ್ಣಾಜಿ ರಾಯರು. ಧಾರವಾಡ ಕಡೆಯವರು, ಪುಣೆಗೆ ಬಂದು ನೆಲೆಸಿ ದೊಡ್ಡವರಾದವರು. ಟೊಂಕದ ಆಪರೇಷನ್ ಆದಮೇಲೆ ಅವರಿಗೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಕುರ್ಚಿ ಬೇಕಾಗಿತ್ತು. ಅಳತೆ ಕೊಡಲು ಖುದ್ದಾಗಿ ಭೋಸರಿಗೆ ಬಂದರು. ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಇದರ ಮೇಲೆ ಯಾರು ಯಾರು ಕೂಡುತ್ತಾರೆ ಎಂದು ಕೇಳಿದರು. ಸಾಹೇಬರು ಹಲ್ಲು ಕಿರಿದು, ಮೊದಲು ಈಕೆಯನ್ನೇ ಕೂಡಿಸಿ ನೋಡುತ್ತೇವೆ ಎಂದುಬಿಟ್ಟರು. ರಾಯರು ನನ್ನ ಊರು ಕೇಳಿದರು, ಊರಲ್ಲಿ ಯಾವ ಓಣಿ ಎಂದು ಕೇಳಿದರು. ಹೇಳಿದೆ. ಅವರು ಧೋತರವನ್ನು ಒಂದು ಗೇಣು ಮೇಲೆತ್ತಿ ಹಿಂದೆ ಸರಿದರು.

"ವಿಕ್ರಮ, ನಂದು ಮಡಿ ಮೈ. ಇಂಥಾಕಿ ಕುಂತ ಗುಣಿಯೊಳಗ ನಾ ಕೂಡಂಗಿಲ್ಲಪಾ. ನಮ್ಮ ಟೇಲರ ಹತ್ರ ಅಳತಿ ಅದ, ಕಳಸ್ತೀನಿ."

ಮರುದಿನ ಅವರ ಡ್ರೈವರ್ ಟೇಲರನ ಚೀಟಿ ತಂದುಕೊಟ್ಟ. ಸೊಂಟ ಇಷ್ಟು, ಪೃಷ್ಠ ಇಷ್ಟು, ತೊಡೆ ಇಷ್ಟು. ಪೈಜಾಮ ಹೊಲಿಯಲು ಅದು ಸಾಕು. ಬೆನ್ನು ಎಲ್ಲಿ ಬಾಗುತ್ತದೆ, ಭಾರ ಯಾವ ಕಡೆ ಬೀಳುತ್ತದೆ ಎಂಬುದನ್ನು ಯಾವ ಟೇಲರನೂ ಬರೆದಿಡುವುದಿಲ್ಲ. ಬೇಡ ಸಾಹೇಬರೇ, ಹೀಗೆ ಮಾಡಿದರೆ ಕೆಡುತ್ತದೆ ಎಂದು ಕಾಶಪ್ಪ ತಲೆ ಕೆರೆದುಕೊಂಡು ಹೇಳಿದ. ಸಾಹೇಬರು ಟೇಪು ತಂದು ನನ್ನ ಸುತ್ತ ಹಿಡಿದು ನೋಡಿದರು. ರಾಯರಿಗೂ ನನಗೂ ಒಂದೇ ಇಂಚಿನ ವ್ಯತ್ಯಾಸ. ಅವರದು ತುಪ್ಪ ತಿಂದು ಬಂದದ್ದು, ನನ್ನದು ಕೂತು ಕೂತು ಬಂದದ್ದು. ಇನ್ನೇನು ಬೇಕು, ಇವಳ ಮೇಲೇ ಅಚ್ಚು ತೆಗೆಯಿರಿ ಎಂದು ಅಪ್ಪಣೆಯಾಯಿತು.

ಹೀಗೆ ಅವತ್ತು ನಾನು ಚೀಲದ ಮೇಲೆ ಕೃಷ್ಣಾಜಿ ರಾಯರಾಗಿ ಕೂತಿದ್ದೆ.

ಸಾಹೇಬರು ಹೆಗಲು ಹಿಡಿದು ನನ್ನನ್ನು ನೆಟ್ಟಗೆ ಮಾಡಿದರು. ದೊಡ್ಡ ಮನುಷ್ಯರು ಹೇಗೆ ಕೂಡುತ್ತಾರೆ ಎಂದು ತಾವೇ ಎದೆಯುಬ್ಬಿಸಿ ತೋರಿಸಿದರು. ನಾನೂ ಉಬ್ಬಿಸಿದೆ. ಅಷ್ಟರಲ್ಲಿ ಅವರ ಫೋನು ರಿಂಗಾಯಿತು, ಮಾತಾಡುತ್ತ ಹೊರಗೆ ಹೋದರು. ಪಂಪಿನ ಗುಂಡಿಯ ಮೇಲೆ ಕಾಶಪ್ಪನ ಬೆರಳಿತ್ತು. ನಾನು ಚೀಲದ ಚೌಕಟ್ಟಿನ ಹಿಡಿಕೆಯಿಂದ ಎಡಗೈ ತೆಗೆದೆ. ಮೈ ತನಗೆ ಬೇಕಾದ ಹಾಗೆ ಎಡಕ್ಕೆ ವಾಲಿತು, ಟೊಂಕ ಕುಸಿಯಿತು, ಮೊಣಕಾಲು ಒಂದಕ್ಕೊಂದು ತಾಗಿದವು. ಆರು ವರ್ಷದಿಂದ ಎಲ್ಲರೂ ನನಗೆ ನೆಟ್ಟಗೆ ಕೂಡು ಎಂದು ಹೇಳುತ್ತಲೇ ಬಂದಿದ್ದರು, ನನಗೂ ಸಾಕಾಗಿತ್ತು. ಯಾರಿಗಾಗಿ ಅಚ್ಚು ಎನ್ನುವುದು ನನಗೆ ಚೆನ್ನಾಗಿ ನೆನಪಿತ್ತು. ಸುಳ್ಳು ಯಾಕೆ ಹೇಳಲಿ, ನೆನಪಿದ್ದೇ ವಾಲಿದೆ.

"ಯಕ್ಕಾ, ಇದು ರಾಯರ ಮುಕಳಿ ಅಲ್ಲ," ಎಂದ ಕಾಶಪ್ಪ ಮೆಲ್ಲಗೆ.

"ಹೌದಪ್ಪ. ನಂದ ಅದ. ಒತ್ತು."

ಅವನು ಒತ್ತಿದ.

ಹದಿನೈದು ದಿನ ಕಾಶಪ್ಪ ಆ ಫೋಮನ್ನು ಕೆತ್ತಿದ. ಅಂಥ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಹುಣ್ಣಿರುವ ಜಾಗದಲ್ಲಿ ಫೋಮನ್ನು ತೋಡಿ, ಅಲ್ಲಿ ಬೆಣ್ಣೆಯಷ್ಟು ಮೆತ್ತಗಿನ ಜೆಲ್ ಕೂಡಿಸಿದ. ವಾಲುವ ಮೈಯನ್ನು ಹಿಡಿಯಲು ಎಡಪಕ್ಕೆಗೆ ಗಟ್ಟಿ ದಿಂಬು, ಬಲಕ್ಕೆ ಇನ್ನೊಂದು, ಮೊಣಕಾಲು ಕೂಡದಂತೆ ತೊಡೆಗಳ ನಡುವೆ ಮುಷ್ಟಿಯಂತೆ ಉಬ್ಬಿದ ಒಂದು ಗುಬಟು, ಬೆನ್ನಿಗೆ ಹತ್ತು ವೆಲ್ಕ್ರೋ ಪಟ್ಟಿ. ಒಂದೊಂದು ಪಟ್ಟಿಯನ್ನೂ ಬೇರೆ ಬೇರೆಯಾಗಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ರಾಯರಿಗೆ ಈ ಗುಬಟು ಯಾಕೆ ಎಂದು ಸಾಹೇಬರು ಕೇಳಿದ್ದಕ್ಕೆ, ಮೇಲಿನ ದರ್ಜೆಯಲ್ಲಿ ಇರುತ್ತದೆ ಎಂದ. ಹಾಗಾದರೆ ಇರಲಿ ಎಂದರು.

ಫ್ಯಾಕ್ಟರಿಯ ವಾರ್ಷಿಕೋತ್ಸವದ ದಿನವೇ ಕುರ್ಚಿ ಒಪ್ಪಿಸುವ ಸಮಾರಂಭ. ಶೆಡ್ಡಿನಲ್ಲಿ ಶಾಮಿಯಾನ, ಫೋಟೊದವರು, ಫೇಸ್‌ಬುಕ್ಕಿಗೆ ನೇರ ಪ್ರಸಾರ. ಜೇಜುರಿಯ ಗುಡಿಯಿಂದ ತರಿಸಿದ ಅರಿಸಿನದ ಭಂಡಾರವನ್ನು ಸಾಹೇಬರು ಕುರ್ಚಿಯ ಗಾಲಿಗಳಿಗೆ ಹಚ್ಚಿ ಕೈಮುಗಿದರು. ರಾಯರು ಮೊದಲು ತಮ್ಮ ಕುರ್ಚಿಯಲ್ಲಿ ಕೂಡುವುದು, ಆಮೇಲೆ ಅದರಲ್ಲಿ ಕೂತುಕೊಂಡೇ ನನಗೆ ಒಂದು ಸಾದಾ ಕುರ್ಚಿ ದಾನ ಕೊಡುವುದು ಎಂದು ಕಾರ್ಯಕ್ರಮ. ನನ್ನ ಐದನೇ ದಾನ. ರಿಬ್ಬನ್ ಹಳೆಯದೇ ಇತ್ತು.

ರಾಯರು ಜರಿ ಧೋತರ ಉಟ್ಟು ಬಂದಿದ್ದರು. ಚಪ್ಪಾಳೆಯ ನಡುವೆ ಕುರ್ಚಿಯಲ್ಲಿ ಕೂತರು. ಕೂತವರೇ ಎಡಕ್ಕೆ ಜಾರಿದರು. ಗುಬಟು ಎಲ್ಲಿ ತಾಗಬಾರದೋ ಅಲ್ಲಿ ತಾಗಿತು. ರಾಯರ ಕಣ್ಣು ದೊಡ್ಡವಾದವು, ಬಾಯಿ ತೆರೆಯಿತು. ಸಾಹೇಬರು ಇದನ್ನು ಸಂತೋಷವೆಂದು ತಿಳಿದು ಮೈಕಿನಲ್ಲಿ ಹೊಗಳತೊಡಗಿದರು. ಬಲಪೃಷ್ಠ ಗಾಳಿಯಲ್ಲಿ, ಹೊಟ್ಟೆ ಎರಡು ದಿಂಬಿನ ನಡುವೆ, ಮುಖ ಪಕ್ಕದಲ್ಲಿ ನಿಂತ ಬ್ಯಾಂಕ್ ಮ್ಯಾನೇಜರನ ಸೊಂಟದ ಹತ್ತಿರ. ಕಾಶಪ್ಪನೂ ವೆಲ್ಡಿಂಗಿನ ಬಾಳುವೂ ಓಡಿಬಂದು ತೋಳು ಹಿಡಿದು ಎಳೆದರು. ರಾಯರು ಎದ್ದರು, ಧೋತರ ಏಳಲಿಲ್ಲ. ಜರಿಯನ್ನು ವೆಲ್ಕ್ರೋ ಕಚ್ಚಿ ಹಿಡಿದಿತ್ತು. ಎಳೆದಷ್ಟೂ ಪರ್ರ್ ಎನ್ನುತ್ತಿತ್ತು. ಅಷ್ಟು ಜನರ ಮುಂದೆ ರಾಯರು ಹಸಿರು ಪಟ್ಟೆಯ ಚಡ್ಡಿಯಲ್ಲಿ ನಿಂತರು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ, ಆದರೂ ನಕ್ಕೆ. ಪಾಪ, ಮುದುಕ ಎಂದೂ ಅನ್ನಿಸಿತು. ಓಣಿ ಕೇಳಿದ್ದು ನೆನಪಾಗಿ ಮತ್ತೆ ನಕ್ಕೆ.

ಧೋತರ ಬಿಡಿಸಿ ಅವರನ್ನು ಸೋಫಾದಲ್ಲಿ ಕೂಡಿಸಿದರು. ಫೇಸ್‌ಬುಕ್ಕು ಇನ್ನೂ ನಡೆದೇ ಇತ್ತು. ಮಾನ ಉಳಿಸಿಕೊಳ್ಳಲು ಸಾಹೇಬರಿಗೆ ಒಂದು ದಾರಿ ಹೊಳೆಯಿತು. ಮೈಕು ಹಿಡಿದು ಮರಾಠಿಯಲ್ಲಿ ಹೇಳಿದರು: ಈ ಕುರ್ಚಿ ರಾಯರಿಗಾಗಿ ಅಲ್ಲವೇ ಅಲ್ಲ, ನಮ್ಮ ದಿವ್ಯಾಂಗ ಭಗಿನಿ ಶಿವಬಸವ್ವಳಿಗಾಗಿ ರಾಯರೇ ಮಾಡಿಸಿದ್ದು, ಬಡವಳಿಗೆ ಕೊಡುವ ಮೊದಲು ತಾವೇ ಕೂತು ಪರೀಕ್ಷೆ ಮಾಡಿದ ಇಂಥ ದಾನಿ ಪುಣೆಯಲ್ಲಿ ಮತ್ತೊಬ್ಬರಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ರಾಯರು ಚಡ್ಡಿಯ ದುಃಖದಲ್ಲೂ ಕೈಮುಗಿದರು.

ಕಾಶಪ್ಪ ಮತ್ತು ಬಾಳು ನನ್ನನ್ನು ಎತ್ತಿ ಅದರಲ್ಲಿ ಕೂಡಿಸಿದರು. ಪಕ್ಕೆಯ ದಿಂಬು ನನ್ನನ್ನು ಹಿಡಿಯಿತು. ಬೆನ್ನಿನ ಹಿಂದೆ ಯಾರೋ ನಿಂತಿದ್ದಾರೆ ಎನ್ನಿಸಿತು. ಜನರ ಜೊತೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ. ಎರಡೂ ಕೈಯಿಂದ. ಅದು ತಿಳಿದಾಗ ಕೈ ನಿಲ್ಲಿಸಲು ಮನಸ್ಸಾಗಲಿಲ್ಲ, ಎಲ್ಲರೂ ಮುಗಿಸಿದ ಮೇಲೂ ಹೊಡೆಯುತ್ತಲೇ ಇದ್ದೆ. ಕಣ್ಣಲ್ಲಿ ನೀರು ಬಂತು. ಫೋಟೊದವನಿಗೆ ಅದೂ ಸಿಕ್ಕಿತು.

ಮೈಕು ಆರಿತು. ಬಂದವರೆಲ್ಲ ಊಟಕ್ಕೆ ಸಾಲು ಹಿಡಿದರು. ಸಾಹೇಬರು ಹತ್ತಿರ ಬಂದು, ಇಳಿ ಕುಂಟಿ, ಕಾಶಪ್ಪ ಮತ್ತೆ ಕೆತ್ತಿ ರಾಯರಿಗೆ ಕಳಿಸಲಿ ಎಂದರು. ಅಳತೆ ತಪ್ಪಿದ್ದು ಯಾರಿಂದ ಎಂದು ಆಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದೂ ಹಲ್ಲು ಕಡಿದರು. ಸೋಫಾದಿಂದ ರಾಯರು ಕೈ ಅಲ್ಲಾಡಿಸಿ, ಆಕಿ ಕುಂತದ್ದು ನನಗ ಬ್ಯಾಡ ಎಂದರು. ಹಾಗಾದರೆ ಬೇರೆ ಗಿರಾಕಿಗೆ ಎಂದರು ಸಾಹೇಬರು, ಚೌಕಟ್ಟು ಪರದೇಶದ್ದು, ದುಬಾರಿ.

"ನಂಗ ಕೊಟ್ಟೀರಿ ಅಂತ ಮೈಕಿನ್ಯಾಗ ನೀವ ಹೇಳೀರಿ, ಸಾಹೇಬ್ರ."

"ಮೈಕಿನ್ಯಾಗ ಹೇಳಿದ್ದೆಲ್ಲಾ ಖರೇ ಮಾಡ್ಕೋತ ಹೊಂಟ್ರ ದೇಶ ನಡೀತದೇನ ಬೋಸುಡಿ? ಇಳೀ."

ನಾನು ಬೆಲ್ಟು ಹಾಕಿಕೊಂಡು ಬಾಗಿಲ ಕಡೆ ಗಾಲಿ ತಿರುಗಿಸಿದೆ. ಎರಡೂ ಕೈ ಬಿಡುವಾಗಿದ್ದರಿಂದ ಕುರ್ಚಿ ಸರ್ರನೆ ಓಡಿತು. ನಿಂತದ್ದು ಬಾಗಿಲಲ್ಲಿ. ಗಾಲಿಕುರ್ಚಿ ಮಾಡುವ ನಮ್ಮ ಫ್ಯಾಕ್ಟರಿಗೆ ನಾಲ್ಕು ಮೆಟ್ಟಿಲುಗಳಿವೆ, ಇಳಿಜಾರು ಇಲ್ಲ. ದಿನಾ ಇಬ್ಬರು ನನ್ನನ್ನು ಎತ್ತಿ ಒಳಗೆ ಇಡುತ್ತಾರೆ, ಸಂಜೆ ಇಬ್ಬರು ಹೊರಗೆ ಇಡುತ್ತಾರೆ. ಸಾಹೇಬರು ಹಿಂದಿನಿಂದ ಓಡಿಬಂದು, ಆಕೆಯನ್ನು ಯಾರಾದರೂ ಮುಟ್ಟಿದರೆ ನಾಳೆಯಿಂದ ಕೆಲಸವಿಲ್ಲ ಎಂದು ಕೂಗಿದರು. ಯಾರೂ ಮುಟ್ಟಲಿಲ್ಲ. ಸಾಹೇಬರು ಗೆದ್ದವರಂತೆ ಉಸಿರು ಬಿಟ್ಟರು.

ನಾನು ಬ್ರೇಕು ಹಾಕಿದೆ. ಬಾಗಿಲಿರುವುದು ಅದೊಂದೇ, ಅಗಲ ಒಂದು ಕುರ್ಚಿಯಷ್ಟೇ. ಹೊರಗೆ ಹನ್ನೆರಡು ಕುರ್ಚಿ ಹೇರಿಕೊಂಡು ಹೋಗಲು ಟೆಂಪೊ ಬಂದು ನಿಂತಿತ್ತು. ಒಳಗೆ ರಾಯರಿಗೆ ಮನೆಗೆ ಹೋಗುವ ಅವಸರ.

ಸಾಹೇಬರಿಗೆ ಇದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಎತ್ತಿರೋ ಆಕೆಯನ್ನು ಎಂದು ಅರಚಿದರು.

"ಮುಟ್ಟಬ್ಯಾಡ್ರಿ ಅಂತ ನೀವ ಹೇಳೀರಲ್ರಿ," ಎಂದ ಕಾಶಪ್ಪ, ಕೈಗಳನ್ನು ಬಗಲಲ್ಲಿ ಇಟ್ಟುಕೊಂಡು. ಬಾಳುವೂ ಇಟ್ಟುಕೊಂಡ. ಫೋಮ್ ಕತ್ತರಿಸುವವರು, ಹೊಲಿಯುವವರು, ವೆಲ್ಡಿಂಗಿನವರು, ಎಲ್ಲರೂ ಬಗಲಲ್ಲಿ ಕೈ ಇಟ್ಟುಕೊಂಡು ನಿಂತರು. ಸಾಹೇಬರು ತಾವೇ ನನ್ನ ತೋಳಿಗೆ ಕೈ ಹಾಕಿ ಎಳೆದರು. ಹತ್ತು ಪಟ್ಟಿ, ಎರಡು ದಿಂಬು, ಒಂದು ಬೆಲ್ಟು. ಮೈಗೆ ಹೊಂದಿದ ಆಸನದಿಂದ ಮನುಷ್ಯರನ್ನು ಕೀಳುವುದು ಸುಲಭವಲ್ಲ, ನಾವು ಕೆಲಸ ಚೆನ್ನಾಗಿ ಮಾಡುತ್ತೇವೆ.

ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದಾನೆ. ಸಾಹೇಬರು ಪೊಲೀಸರಿಗೆ ಫೋನು ಹಚ್ಚಿ, ಹೆಂಗಸೊಬ್ಬಳು ಕೂತಿದ್ದಾಳೆ ಎಂದು ದೂರು ಕೊಡುತ್ತಿದ್ದಾರೆ. ಕೂತು ಏನು ಮಾಡುತ್ತಿದ್ದಾಳೆ ಎಂದು ಆ ಕಡೆಯವರು ಕೇಳುತ್ತಿರಬೇಕು, ಇವರು ಮತ್ತೆ ಮತ್ತೆ ಕೂತಿದ್ದಾಳೆ ಎಂದೇ ಹೇಳುತ್ತಿದ್ದಾರೆ. ಕಾಶಪ್ಪ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಸ್ಪಾನರು ಹಿಡಿದು ಬಂದು ನನ್ನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತ.

"ಎಲ್ಯಾರ ಒತ್ತತದೇನ ಯಕ್ಕಾ? ಸಡಲ ಮಾಡ್ಲೇನು?"

"ಬ್ಯಾಡ," ಎಂದೆ. "ಇನ್ನೊಂದೀಟು ಬಿಗಿ ಮಾಡು."