ಒಂಬತ್ತನೇ ಚಾನೆಲ್ಲಿನಲ್ಲಿ ಗಂಗವ್ವ

ಮಗ ಶೈಲೇಶನ ಕಾರಿನಲ್ಲಿದ್ದ, ಗಾಡಿಯಿಂದ ಗಾಡಿಗೆ ಮಾತಾಡುವ ಸಿಬಿ ರೇಡಿಯೊ ಕಂಡರೆ ಗಂಗವ್ವನಿಗೆ ಆಗುತ್ತಿರಲಿಲ್ಲ. ಜರ್ಮನಿಯವರೇ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕು ಅಲ್ಲಿಗೆ ಬಂದು, ಫೊಯರ್‌ಬಾಕ್‌ನಲ್ಲಿ ಎಂಜಿನಿಯರನಾದ ಮೇಲೆ ಅವನೂ ವಿಜಾಪುರದ ಗೆಳೆಯ ಮಹಮೂದನೂ ಸೇರಿ ಎರಡು ಹಳೇ ಸೆಟ್ಟು ತಂದು ತಮ್ಮ ತಮ್ಮ ಕಾರಿಗೆ ಹಾಕಿಸಿಕೊಂಡಿದ್ದರು. ಹೆದ್ದಾರಿಯಲ್ಲಿ ಏನಾದರೂ ಅನಾಹುತವಾದರೆ ಒಂಬತ್ತನೇ ಚಾನೆಲ್ಲಿನಲ್ಲಿ ಒದರಿದರೆ ಸಾಕು, ಯಾವನೋ ಲಾರಿಯವನು ನೆರವಿಗೆ ಬರುತ್ತಾನಂತೆ. ಅಲ್ಲಿಯವರೆಗೆ ಅದರಲ್ಲಿ ನಡೆದದ್ದು ಮಾತ್ರ ಬರೀ ಕ್ರಿಕೆಟ್ಟಿನ ಹರಟೆ.

ಊರಿಂದ ಬಂದಿದ್ದ ಅಪ್ಪ-ಅವ್ವನಿಗೆ ಗಾರ್ಕಿಂಗ್ ಪೇಟೆ ತೋರಿಸಿಕೊಂಡು ಎರಡೂ ಕಾರು ಮರಳುವಾಗ ಆ ರೇಡಿಯೊಕ್ಕೆ ಅಸಲಿ ಕೆಲಸ ಬಿತ್ತು. ಗಂಗವ್ವನ ಗಂಡ ಮಹಾಲಿಂಗಪ್ಪನದೊಂದು ಪದ್ಧತಿ: ಹೆಂಡತಿಯ ಮೇಲೆ ಸಿಟ್ಟು ಬಂದರೆ ಮಹಮೂದನ ಕಾರು, ಇಳಿದರೆ ಮಗನ ಕಾರು. ದಾರಿಯಲ್ಲಿ ರಾಸ್ಟ್‌ಹೋಫ್ ಎಂಬ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಹಾಕ್ಕೆಂದು ಇಳಿದಾಗ ಅವನು ಕಪ್ಪಿಗೆ ಸಕ್ಕರೆ ಸುರಿದುಕೊಂಡ, ಗಂಗವ್ವ ಬೈದಳು, ಅವನು ಧುಮುಗುಡುತ್ತ ಎದ್ದುಹೋದ. ಮಹಮೂದನ ಕಾರಿಗೆ ಹೋದನೆಂದುಕೊಂಡು ತಾಯಿ ಮಗ ಹೊರಟರು. ಅಲ್ಲಿಯವರೆಗೆ ಮುನಿಸಿಕೊಂಡು ತನ್ನ ಕಾರಿನಲ್ಲಿ ಬಂದಿದ್ದವನು ಹೆಂಡತಿಯೊಡನೆ ಕೂಡಿ ಚಹಾ ಕುಡಿಯುವುದನ್ನಷ್ಟೇ ಕಂಡಿದ್ದ ಮಹಮೂದ, ರಾಜಿಯಾಗಿ ಮಗನ ಕಾರು ಹತ್ತಿದನೆಂದು ತಿಳಿದು ತಾನೂ ಹೊರಟ.

“ಅಪ್ಪನ ಸಿಟ್ಟು ಇಳೀತೇನೋ ದೋಸ್ತ?” ಎಂದು ಶೈಲೇಶ ರೇಡಿಯೊದಲ್ಲಿ ಕೇಳಿದ.

“ನನ್ನ ಯಾಕ ಕೇಳ್ತಿ? ಅಂಕಲ್ ನಿನ್ನ ಗಾಡ್ಯಾಗ ಅದಾರಲ್ಲ!”

ಅಪ್ಪ ಎರಡೂ ಕಾರಿನಲ್ಲಿಲ್ಲವೆಂದು ಶೈಲೇಶನಿಗೆ ಆಗ ಗೊತ್ತಾಯಿತು. ಹೆದ್ದಾರಿಯಿಂದ ಹೊರಬೀಳುವ ಮುಂದಿನ ಔಸ್‌ಫಾರ್ಟ್ ಬರುವ ತನಕ ಕಾರು ತಿರುಗಿಸುವಂತಿಲ್ಲ. ಒಂಬತ್ತನೇ ಚಾನೆಲ್ಲಿಗೆ ಹೋಗಿ ಜರ್ಮನ್‌ನಲ್ಲಿ ಗೋಗರೆದ: ಬಿಳಿ ಮೀಸೆ, ಕೆಂಪು ಮಫ್ಲರ್, ಕಾಲಲ್ಲಿ ಚಪ್ಪಲಿ. ಆ ರಾಸ್ಟ್‌ಹೋಫಿನಲ್ಲೇ ನಿಂತಿದ್ದ ಲಾರಿಯವನೊಬ್ಬ ಉತ್ತರಿಸಿದ.

“ಏನಂತಾನೋ?” ಗಂಗವ್ವ ಕೇಳಿದಳು.

“ಅಪ್ಪ ಹೈವೇ ಕಡೆ ನಡಕೋತ ಹೊಂಟಾನಂತ. ಹಾರ್ನ್ ಹೊಡದ್ರೂ ತಿರಗಿ ನೋಡವಲ್ಲಂತ.”

ಆ ರಸ್ತೆಯಲ್ಲಿ ಕಾರುಗಳು ಹೋಗುವ ರಭಸವನ್ನು ಗಂಗವ್ವ ಕಂಡಿದ್ದಳು. ಅಲ್ಲಿ ಕಾಲಿಟ್ಟರೆ ಮನುಷ್ಯ ಉಳಿಯುವ ಮಾತೇ ಇಲ್ಲ. ನಿಮ್ಮ ದನಿಯನ್ನು ಲಾರಿಯ ಹೊರಗಿನ ಸ್ಪೀಕರಿಗೆ ಹಾಕುತ್ತೇನೆ, ಕರೆಯಿರಿ ಎಂದ ಲಾರಿಯವನು. ಶೈಲೇಶ “ಅಪ್ಪಾ, ನಿಂದ್ರಪಾ!” ಎಂದು ಹೊಯ್ಕೊಂಡ. ಮುದುಕ ನಿಲ್ಲಲಿಲ್ಲವಂತೆ.

ಗಂಗವ್ವ ಮೈಕು ಕಸಿದುಕೊಂಡು “ಇಲ್ಲಿ ಕೇಳ್ರಿ!” ಎಂದಳು. ಊಹೂಂ. ಊರಲ್ಲಿ ಇಷ್ಟು ವರ್ಷ ‘ಇಲ್ಲಿ ಕೇಳ್ರಿ’ಗೆ ತಿರುಗದ ಆಸಾಮಿ ಜರ್ಮನಿಗೆ ಬಂದ ಮಾತ್ರಕ್ಕೆ ತಿರುಗಿಯಾನೇ? ಇನ್ನು ಹೆಸರು ಹಿಡಿದೇ ಕರೆಯಬೇಕು. ಆ ಹೆಸರು ಅವಳ ಬಾಯಿಂದ ಬಂದದ್ದು ಮದುವೆಯ ದಿನ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡನಿಂತು ಒಡಪು ಹೇಳಿಸಿದಾಗ ಮಾತ್ರ. ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳಿಕೊಟ್ಟಿದ್ದಳು. ಎತ್ತದಿದ್ದರೆ ಈಗಲೇ ಮುಗಿಯುವ ಹಾಗಿತ್ತು.

“ಏ ಮಹಾಲಿಂಗಪ್ಪಾ!” ಗಂಗವ್ವ ಕಿರುಚಿದಳು. “ಮಹಾಲಿಂಗ್ಯಾ! ಇನ್ನೊಂದ ಹೆಜ್ಜಿ ಇಟ್ಟಿ ಅಂದ್ರ ಕಾಲ ಮುರೀತೀನಿ, ನಿಂದ್ರಲೇ!”

ಶೈಲೇಶ ಬೆಚ್ಚಿಬಿದ್ದು ಸ್ಟಿಯರಿಂಗ್ ಗಟ್ಟಿ ಹಿಡಿದ. ರೇಡಿಯೊ ಬರೀ ಗೊರಗೊರ ಎಂದಿತು. ಗಂಡನನ್ನು ಉಳಿಸಿದೆನೋ ಕೊಂದೆನೋ ತಿಳಿಯದೆ ಗಂಗವ್ವನಿಗೆ ಅಳು ಬಂತು. ಬಹಳ ಹೊತ್ತಿನ ಮೇಲೆ ಲಾರಿಯವನು ನಗುತ್ತ ಏನೋ ಅಂದ.

“ನಿಂತಾನಂತ ಬೇ, ಯವ್ವಾ. ಲಾರಿಯಾಂವ ಹೋಗಿ ತನ್ನ ಗಾಡಿ ಹತ್ರ ಕರಕೊಂಡ ಬಂದಾನಂತ.”

ಆಮೇಲೆ ಮಹಾಲಿಂಗಪ್ಪನ ದನಿಯೇ ಬಂತು. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

“ಗಂಗಾ, ಚಂದಂಗ ಕೇಳಸ್ಲಿಲ್ಲ,” ಎಂದ. “ಇನ್ನೊಮ್ಮಿ ಕರಿ.”